ಮೇಲಿನ ತಟ್ಟೆಯ ಇಡ್ಲಿ

ಹೋಟೆಲಿಗೆ ಹೋದವರು ಮೊದಲು ಕೂರಲು ಜಾಗ ನೋಡುತ್ತಾರೆ. ನಾನು ಒಲೆ ಎಲ್ಲಿದೆ ಎಂದು ನೋಡುತ್ತೇನೆ. ಇಡ್ಲಿ ಬೇಯುತ್ತಿದ್ದರೆ ಸೀದಾ ಅಲ್ಲಿಗೇ ಹೋಗಿ, ಪಾತ್ರೆಯ ಮುಚ್ಚಳ ಎತ್ತಿ, ಅದರ ಒಳಮೈ ನೋಡಿ, ಮತ್ತೆ ಮುಚ್ಚಿ ಬಂದು ಕೂರುತ್ತೇನೆ. ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ನನ್ನನ್ನು ಯಾವುದೋ ಇಲಾಖೆಯವನು ಎಂದುಕೊಂಡು ಬಿಸಿ ಕಾಫಿ ತಂದುಕೊಟ್ಟವರಿದ್ದಾರೆ. ಸೌಟು ಎತ್ತಿಕೊಂಡು ಬಂದವರೂ ಇದ್ದಾರೆ.

ಹೋದ ವರ್ಷ ಮಾಗಡಿಯಲ್ಲಿ ನನ್ನ ಹೆಂಡತಿ ಭಾಗ್ಯಳ ಕಡೆಯವರ ಮನೆಯಲ್ಲಿ ಒಂದು ನಿಶ್ಚಿತಾರ್ಥ. ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ನಾನು ಹಿತ್ತಲಿನ ಕಡೆ ಹೋಗಿ ಅಡುಗೆಯವರ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದೆ. ಅಷ್ಟರಲ್ಲಿ ಬೀಗರು ಬಂದುಬಿಟ್ಟರು. ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ಅವರಿಗೆ ನಮಸ್ಕಾರ ಮಾಡಿದೆ. ಭಾಗ್ಯ ಪಕ್ಕಕ್ಕೆ ಕರೆದು, "ಬಂದ ಮನೇಲೂ ಮುಚ್ಚಳ ಎತ್ತಿ ನೋಡ್ತೀರಲ್ಲ, ನಿಮ್ಗೇನು ಊಟ ಹಾಕಲ್ಲ ಅಂದ್ಕಂಡಿದ್ರಾ?" ಎಂದಳು. ಇವತ್ತಿಗೂ ಆ ಮನೆಯವರು ನನ್ನನ್ನು ಹೊಟ್ಟೆಬಾಕ ಎಂದೇ ತಿಳಿದಿದ್ದಾರೆ. ತಿದ್ದಲು ಹೋಗಿಲ್ಲ. ಹೊಟ್ಟೆಬಾಕತನ ವಿವರಿಸುವುದು ಸುಲಭ, ಈ ಮುಚ್ಚಳದ ಚಟ ವಿವರಿಸುವುದು ಕಷ್ಟ.

ನಾನು ಇಡ್ಲಿ ಪಾತ್ರೆ ಮಾಡುವವನು. ಮನೆಯಲ್ಲಿ ಬಳಸುವ ಸಣ್ಣ ಪಾತ್ರೆಯಲ್ಲ, ತಟ್ಟೆ ಇಡ್ಲಿ ಹೋಟೆಲಿನವರು ಒಲೆಯ ಮೇಲೆ ಇಡುವ ದೊಡ್ಡ ಸ್ಟೀಲಿನ ಪಾತ್ರೆ. ಒಳಗೆ ನಾಲ್ಕು ಸ್ಟ್ಯಾಂಡು, ಒಂದೊಂದು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಆರು ತಟ್ಟೆ. ಒಂದು ಸಲಕ್ಕೆ ಇಪ್ಪತ್ತನಾಲ್ಕು ಇಡ್ಲಿ. ರಾಮನಗರದಲ್ಲಿ ಮಾಗಡಿ ರಸ್ತೆಯ ಕಡೆ ನನ್ನದೊಂದು ಶೆಡ್ಡು ಇದೆ. ನನ್ನ ಕೈಯಲ್ಲಿ ಬೆಸುಗೆ ಹಾಕಿದ ಪಾತ್ರೆ ಸೋರಿತು ಎಂದು ಇದುವರೆಗೆ ಒಬ್ಬರೂ ವಾಪಸು ತಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ. ಜಂಬ ಪಡಲು ನನಗೆ ಬೇರೆ ಏನೂ ಇಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬಡತನ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಮ್ಮ ಮನೆಯಲ್ಲಿ ರಾಗಿ, ಹುರುಳಿ, ಒಂದು ಜೊತೆ ಎತ್ತು, ಎಲ್ಲ ಇತ್ತು. ಶಾಲೆಯ ಎದುರಿಗೇ ಒಂದು ವೆಲ್ಡಿಂಗ್ ಅಂಗಡಿ ಇದ್ದುದೇ ಕಾರಣ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರೆ ನಾನು ಕಿಟಕಿಯಲ್ಲಿ ಕಿಡಿ ಹಾರುವುದನ್ನು ನೋಡುತ್ತಿದ್ದೆ. ವೃತ್ತದ ಪಾಠ ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಆಮೇಲೆ ಜೀವಮಾನವೆಲ್ಲ ತಗಡು ಸುತ್ತಿ ವೃತ್ತ ಮಾಡುವುದೇ ಕೆಲಸವಾಯಿತು. ಒಂದು ಅಡಿ ಅಗಲದ ಪಾತ್ರೆಗೆ ಎಷ್ಟು ಉದ್ದದ ತಗಡು ಕತ್ತರಿಸಬೇಕು ಎಂದು ನನ್ನ ಯಜಮಾನರನ್ನು ಕೇಳಿದಾಗ ಅವರು ಹೇಳಿದ್ದು, "ಮೂರು ಪಟ್ಟು ಕಣ್ಲಾ, ಅದರ ಮೇಲೆ ಒಸಿ." ಆ 'ಒಸಿ' ಎಷ್ಟು ಎಂಬುದು ಕೈಗೆ ಬರಲು ನನಗೆ ಎರಡು ವರ್ಷ ಬೇಕಾಯಿತು. ಮೇಷ್ಟ್ರ ಹತ್ತಿರ ಕೂತಿದ್ದರೆ ಎರಡು ದಿನದಲ್ಲಿ ಬರುತ್ತಿತ್ತೋ ಏನೋ. ಆದರೆ ಹಾಗೆ ಕಲಿತವರ ತಗಡು ಇಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಬಿಡದಿಯ ಕಾರ್ಖಾನೆಗಳ ಬೀದಿಯಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ಬಹಳ ವರ್ಷ ದುಡಿದು, ತಲೆ ಅರ್ಧ ಬೆಳ್ಳಗಾದ ಮೇಲೆ ಸ್ವಂತದ್ದು ಶುರು ಮಾಡಿದೆ. ಆಗ ಯಾರೋ ಹೇಳಿದರೆಂದು ರಾಮನಗರದಲ್ಲಿ ಮೂರು ದಿನದ ಒಂದು ತರಬೇತಿಗೆ ಹೋದೆ. ಹೊಸದಾಗಿ ಉದ್ಯೋಗ ಮಾಡುವವರಿಗೆ ಅಂತ. ಮಧ್ಯಾಹ್ನದ ಊಟ ಚೆನ್ನಾಗಿತ್ತು. ಪಾಠ ಹೇಳಲು ಬಂದವರು ಸಣ್ಣ ವಯಸ್ಸಿನ ಒಬ್ಬ ಮೇಡಂ. "ನಿಮ್ಮ ಸ್ಟಾರ್ಟಪ್ ಯಾವುದು ಸರ್?" ಎಂದು ಕೇಳಿದರು.

"ಸ್ಟಾರ್ಟಪ್ ಅಲ್ಲ ಮೇಡಂ, ಶೆಡ್ಡು."

"ಎಲ್ಲಾ ಶೆಡ್ಡಲ್ಲೇ ಶುರುವಾಗೋದು ಸರ್. ಸರಿ, ನಿಮ್ಮ ಗ್ರಾಹಕರು ಗೆದ್ದರು ಅಂತ ನಿಮಗೆ ಹೇಗೆ ಗೊತ್ತಾಗತ್ತೆ? ಬರೀರಿ."

ನಾನು ಬರೆದೆ: 'ಪಾತ್ರೆ ಸೋರಬಾರದು.' ಮೇಡಂ ಓದಿ ನಕ್ಕರು. "ಇದು ಪಾತ್ರೆ ಗೆದ್ದಿದ್ದು ಸರ್. ಅದನ್ನ ಕೊಂಡವರು ಗೆದ್ದಿದ್ದು ಹೇಗೆ ಗೊತ್ತಾಗತ್ತೆ?" ಪಾತ್ರೆ ಸೋರದಿದ್ದರೆ ಕೊಂಡವನಿಗೆ ಇನ್ನೇನು ಬೇಕು? ಈಕೆಗೆ ಪಾತ್ರೆಯ ವಿಷಯ ಗೊತ್ತಿಲ್ಲ ಎಂದುಕೊಂಡೆ. ಸರ್ಟಿಫಿಕೇಟು ಕೊಟ್ಟರು. ಶೆಡ್ಡಿನಲ್ಲಿ ಮೊಳೆ ಹೊಡೆದು ನೇತುಹಾಕಿದ್ದೇನೆ. ಈಗ ಅದರ ಮೇಲೆ ಗ್ರೈಂಡರಿನ ಧೂಳು ಕೂತು ನನ್ನ ಹೆಸರು ಮಾತ್ರ ಕಾಣುತ್ತದೆ.

ಎಲ್ಲರಂತೆ ಪಾತ್ರೆ ಮಾಡಿದರೆ ನನ್ನದು ಯಾರು ಕೊಳ್ಳುತ್ತಾರೆ? ಏನಾದರೂ ಹೊಸದು ಬೇಕಿತ್ತು. ಎರಡು ಹೊಸದು ಹೊಳೆಯಿತು. ಒಂದು, ಚಪ್ಪಟೆ ಮುಚ್ಚಳ. ನೀವು ನೋಡಿರುತ್ತೀರಿ, ಇಡ್ಲಿ ಪಾತ್ರೆಗಳ ಮುಚ್ಚಳ ಬೋರಲು ಹಾಕಿದ ಬಾಣಲೆಯ ಹಾಗೆ ಉಬ್ಬಿರುತ್ತದೆ. ಅದರ ಮೇಲೆ ಏನೂ ಇಡಲಾಗುವುದಿಲ್ಲ. ನಾನು ಅದನ್ನು ಮೇಜಿನ ಹಾಗೆ ಮಟ್ಟಸ ಮಾಡಿದೆ. ಸಾಂಬಾರಿನ ಪಾತ್ರೆಯನ್ನು ಅದರ ಮೇಲೆ ಇಟ್ಟರೆ, ಒಂದೇ ಬೆಂಕಿಯಲ್ಲಿ ಇಡ್ಲಿಯೂ ಬೇಯುತ್ತದೆ, ಸಾಂಬಾರೂ ಬಿಸಿಯಾಗುತ್ತದೆ. ಗ್ಯಾಸು ಉಳಿತಾಯ. ಇನ್ನೊಂದು, ಹಿಡಿ. ಸ್ಟೀಲಿನ ಹಿಡಿ ಕೈ ಸುಡುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ನಯಾಜ್ ನನ್ನ ಹಳೆಯ ಸ್ನೇಹಿತ. ಅವನ ಹತ್ತಿರ ಮರದಲ್ಲಿ ಗುಂಡಗೆ ಕಡೆಸಿ, ಮೇಲೆ ಕೆಂಪು ಅರಗು ಹಿಡಿಸಿ, ಮುಚ್ಚಳದ ಅಂಚಿನಲ್ಲಿ ಎರಡು ಕಡೆ ಕೂರಿಸಿದೆ. ಮದುವೆ ಹೆಣ್ಣಿನ ಹಾಗೆ ಕಾಣುತ್ತಿತ್ತು ನನ್ನ ಪಾತ್ರೆ.

ನಯಾಜ್ ಮೊದಲೇ ಹೇಳಿದ್ದ. "ಅಣ್ಣಾ, ಅರಗು ಗೊಂಬೆಗೆ ಆಯ್ತದೆ. ಬಿಸಿಗೆ ಆಗಲ್ಲ."

"ಮಗು ಬಾಯಿಗೆ ಇಟ್ಕಂಡ್ರೂ ಬಿಡದ ಬಣ್ಣ, ಹಬೆಗೆ ಬಿಡ್ತದಾ? ಮಾಡ್ಲಾ ನೀನು."

"ಮಗು ಬಾಯಿ ಒಲೆ ಅಲ್ಲ ಅಣ್ಣಾ," ಎಂದ ನಯಾಜ್. ಆದರೂ ಮಾಡಿಕೊಟ್ಟ.

ಅಂಥ ಹನ್ನೊಂದು ಪಾತ್ರೆ ಮಾರಿದೆ. ಮಾಗಡಿ, ಕನಕಪುರ, ತಿಪ್ಪಸಂದ್ರ, ಹೀಗೆ. ಅದರಲ್ಲಿ ಒಂದು ರಾಮನಗರದ ಹತ್ತಿರದ ಕೈಲಾಂಚ ಎಂಬ ಊರಿನ ಜಯಮ್ಮನಿಗೆ.

ಜಯಮ್ಮ ಬಿಡದಿಯ ಕಡೆ ಒಂದು ಗಾರ್ಮೆಂಟಿನಲ್ಲಿ ಹದಿನಾಲ್ಕು ವರ್ಷ ಕಾಲರು ಹೊಲಿದವಳು. ಬೆಳಗ್ಗೆ ಏಳೂವರೆಗೆ ವ್ಯಾನು, ಸಂಜೆ ಏಳೂವರೆಗೆ ಮನೆ. ಬರಿಯ ಕಾಲರು. ಪೂರ್ತಿ ಶರಟು ಹೇಗೆ ಹೊಲಿಯುತ್ತಾರೆ ಎಂಬುದು ತನಗೆ ಗೊತ್ತಿಲ್ಲ ಎಂದು ಅವಳೇ ನಗುತ್ತಿದ್ದಳು. ಗಂಡ ಲಗೇಜ್ ಆಟೊ ಓಡಿಸುತ್ತಾನೆ. ಡೈರಿಯ ಎದುರು ಅವರದೊಂದು ಹಳೆಯ ಶೀಟಿನ ಕೋಣೆ ಇತ್ತು. ಅಲ್ಲಿ ತಟ್ಟೆ ಇಡ್ಲಿ ಹಾಕಬೇಕೆಂದು ಅವಳ ಮನಸ್ಸು. ಕೆಲಸಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಸೂಪರ್‌ವೈಸರ್ ಹತ್ತಿರ ಒಂದು ತಿಂಗಳ ರಜೆ ಕೇಳಿದ್ದಳು. "ಒಂದನೇ ತಾರೀಕು ಬಂದ್ರೆ ನಿನ್ ಮಿಷನ್ನು. ಬರದಿದ್ರೆ ಎರಡನೇ ತಾರೀಕು ಬೇರೆಯವಳು ಕೂರ್ತಾಳೆ," ಎಂದು ಆತ ಹೇಳಿದ್ದನಂತೆ. ಆ ಒಂದು ತಿಂಗಳಲ್ಲಿ ಹೋಟೆಲು ನಿಂತರೆ ನಿಂತಿತು, ಇಲ್ಲದಿದ್ದರೆ ಮತ್ತೆ ಕಾಲರು.

"ಅಣ್ಣಾ, ಪಾತ್ರೆ ಚೆಂದಾಗೈತಾ?" ಎಂದು ಕೇಳಿದಳು ಕೊಳ್ಳುವಾಗ.

"ನಿನ್ನ ಮೊಮ್ಮಕ್ಕಳು ಇದರಲ್ಲೇ ಇಡ್ಲಿ ಹಾಕ್ತಾರೆ ಕಣವ್ವ," ಎಂದೆ.

ನಾಲ್ಕನೇ ದಿನಕ್ಕೆ ಫೋನು ಬಂತು. "ಅಣ್ಣಾ, ಹಿಡಿ ಬಣ್ಣ ಬುಡ್ತಾ ಐತೆ. ಕೈಗೆ ಅಂಟ್ಕಂಡು ಇಡ್ಲಿ ಮೇಲೆಲ್ಲಾ ಕೆಂಪು ಬೆಟ್ಟಿನ ಗುರುತು. ಚಿಕ್ಕಣ್ಣ ಮಾವ, 'ಏನವ್ವಾ, ಇಡ್ಲಿಗೂ ಕುಂಕುಮ ಇಕ್ಕಿದ್ದೀಯಾ' ಅಂತ ಎಲ್ರ ಮುಂದೂ ಕೇಳ್ತು."

ಚಿಕ್ಕಣ್ಣ ಎಂದರೆ ಎದುರಿನ ಡೈರಿಯ ಸೆಕ್ರೆಟರಿ. ಬೆಳಗ್ಗೆ ಆರಕ್ಕೆ ಊರಿನ ಹಾಲೆಲ್ಲ ಅವನ ಮುಂದೆ ಬರುತ್ತದೆ, ಹಾಲಿನ ಜೊತೆ ಊರಿನ ಸುದ್ದಿಯೂ. ಅವನು ಒಂದು ಮಾತು ಆಡಿದರೆ ಏಳು ಗಂಟೆಯೊಳಗೆ ಕ್ಯಾನುಗಳ ಜೊತೆ ಎಲ್ಲ ಮನೆಗೂ ತಲುಪಿರುತ್ತದೆ. ನಾನು ಅವತ್ತೇ ಹೋಗಿ ಹಿಡಿ ಬಿಚ್ಚಿ, ಬಣ್ಣವಿಲ್ಲದ ಬರಿಯ ಮರದ ಹಿಡಿ ಹಾಕಿ ಬಂದೆ. ನಯಾಜನಿಗೆ ಈ ವಿಷಯ ಬಹಳ ದಿನ ಹೇಳಲಿಲ್ಲ.

ಇನ್ನೊಂದು ವಾರಕ್ಕೆ ಮತ್ತೆ ಫೋನು. "ಅಣ್ಣಾ, ಇಡ್ಲಿ ಪಿಚಪಿಚ ಅಂತದಂತೆ."

"ಹಿಟ್ಟು ನೀರಾಗಿರ್ತದೆ ಜಯಮ್ಮ. ಗಟ್ಟಿ ಮಾಡು."

"ಮನೇಲಿ ಇದೇ ಹಿಟ್ಟಲ್ಲಿ ಹಾಕಿದ್ರೆ ಮಲ್ಲಿಗೆ ಹಂಗೆ ಬತ್ತಿತ್ತು."

"ಮನೆ ಬೇರೆ, ಹೋಟ್ಲು ಬೇರೆ. ನಾನು ಇಪ್ಪತ್ತು ವರ್ಷದಿಂದ ಪಾತ್ರೆ ಮಾಡ್ತಾ ಇವ್ನಿ. ಗಟ್ಟಿ ಮಾಡು."

ಮಾಡಿದಳು. ಮೂರು ದಿನ ಬಿಟ್ಟು ಮತ್ತೆ ಫೋನು. ಈಗ ಕೆಲವರು ಪಿಚಪಿಚ ಎನ್ನುತ್ತಾರಂತೆ, ಕೆಲವರು ಕಲ್ಲು ಎನ್ನುತ್ತಾರಂತೆ. ಒಂದೇ ಪಾತ್ರೆಯಲ್ಲಿ, ಒಂದೇ ಹಿಟ್ಟಿನಲ್ಲಿ, ಒಂದೇ ಹೊತ್ತಿನಲ್ಲಿ ಬೆಂದ ಇಡ್ಲಿ ಎರಡು ತರಹ ಆಗುವುದು ಹೇಗೆ? ಜನರ ನಾಲಿಗೆಯೇ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಆದರೂ ಒಂದು ದಿನ ಸ್ಕೂಟರು ಹಾಕಿಕೊಂಡು ಹೋದೆ. ಒಂಬತ್ತೂವರೆ ಆಗಿತ್ತು. ಜಯಮ್ಮ ಬೆಂಚು ಒರೆಸಿ ಕೂರಿಸಿ, ಸ್ಟ್ಯಾಂಡಿನ ನಡುವಿನಿಂದ ಎರಡು ತೆಗೆದು ಎಲೆಗೆ ಹಾಕಿ, ಬೆಣ್ಣೆ ಇಟ್ಟಳು. ಒಸಿ ಗಟ್ಟಿ ಅನ್ನಿಸಿತು. ಗಟ್ಟಿ ಮಾಡು ಎಂದವನು ನಾನೇ ಆದ್ದರಿಂದ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. "ಚೆನ್ನಾಗೇ ಐತಲ್ಲವ್ವ," ಎಂದೆ. ಇನ್ನೊಂದು ದಿನ ಹೋದಾಗಲೂ ಅದೇ ಹೊತ್ತು, ಅದೇ ಬೆಂಚು, ಅದೇ ನಡುವಿನ ಇಡ್ಲಿ. ನನಗೆ ಎಲ್ಲೂ ನೀರು ಕಾಣಲಿಲ್ಲ.

ಕೆಲಸ ಮಾಡುವವನಿಗೆ ತನ್ನ ಕೆಲಸದ ತಪ್ಪು ಕಾಣುವುದಿಲ್ಲ ಎನ್ನುತ್ತಾರಲ್ಲ, ನನಗೆ ಹಾಗೂ ಆಗಿರಲಿಲ್ಲ. ನಾನು ಆ ಪಾತ್ರೆಯನ್ನು ನಾಲ್ಕು ಸಲ ತಿರುಗಿಸಿ ನೋಡಿದ್ದೆ. ಬೆಸುಗೆ ನೋಡಿದೆ, ತಳ ನೋಡಿದೆ, ಸ್ಟ್ಯಾಂಡು ಅಲುಗಾಡುತ್ತದೆಯೇ ಎಂದು ನೋಡಿದೆ. ಖಾಲಿ ಪಾತ್ರೆಯನ್ನು ಬಹಳ ಚೆನ್ನಾಗಿ ನೋಡಿದೆ.

ಒಂದನೇ ತಾರೀಕಿಗೆ ಇನ್ನು ಒಂಬತ್ತು ದಿನ ಇರುವಾಗ ಜಯಮ್ಮನೇ ಶೆಡ್ಡಿಗೆ ಬಂದಳು. ಬಸ್ಸಿಳಿದು ನಡೆದುಕೊಂಡು ಬಂದಿದ್ದಳು. ಟಿಫಿನ್ ಡಬ್ಬಿ ತೆಗೆದು ಮುಂದೆ ಇಟ್ಟಳು.

"ತಿನ್ನಿ ಅಣ್ಣಾ. ಇದು ಗಿರಾಕಿ ಎಲೇಲೇ ಬುಟ್ಟು ಹೋದದ್ದು."

ತಿಂದೆ. ತಣ್ಣಗಾದ ಇಡ್ಲಿ. ತಣ್ಣಗಾದ ಇಡ್ಲಿ ಎಲ್ಲ ಒಂದೇ ತರಹ. "ಇದರಲ್ಲಿ ಏನು ಗೊತ್ತಾಯ್ತದೆ ಜಯಮ್ಮ?" ಎಂದೆ.

ಅವಳು ಡಬ್ಬಿ ಮುಚ್ಚಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ. "ಶುರು ಮಾಡ್ದಾಗ ಅರವತ್ತು ಜನ ಬತ್ತಿದ್ರು ಅಣ್ಣಾ. ಇವತ್ತು ಹದಿನಾರು. ಒಂಬತ್ತು ದಿನ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಹೋಗಿ ಮಿಷನ್ ಮುಂದೆ ಕುಂತ್ಕತೀನಿ, ನಂಗೇನು ಹೊಸದಾ. ನಿಮ್ಗೇನು, ನೀವು ಇನ್ನೊಬ್ರಿಗೆ ಇನ್ನೊಂದು ಪಾತ್ರೆ ಮಾರ್ತೀರಿ."

ಸೋರುತ್ತದೆ ಎಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಜಗಳಕ್ಕೆ ನಿಲ್ಲುತ್ತಿದ್ದೆ. ಇದಕ್ಕೆ ಜಗಳ ಆಡಲು ಜಾಗ ಇರಲಿಲ್ಲ. ಅವಳು ಹೇಳಿದ್ದು ನಿಜ. ನನ್ನ ಶೆಡ್ಡಿನಲ್ಲಿ ಹನ್ನೆರಡನೇ ಪಾತ್ರೆ ಅರ್ಧ ಆಗಿ ಕೂತಿತ್ತು.

ಮಾರನೆಯ ಬೆಳಗ್ಗೆ ಆರಕ್ಕೆಲ್ಲ ಕೈಲಾಂಚದಲ್ಲಿದ್ದೆ. ಒಲೆಯ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತೆ. ಇವತ್ತು ನನಗೆ ಏನೂ ಕೊಡಬೇಡ, ನಿನ್ನ ಕೆಲಸ ನೀನು ಮಾಡು ಎಂದೆ. ಅವಳು ತಟ್ಟೆಗಳಿಗೆ ಹಿಟ್ಟು ಹೊಯ್ದಳು, ಸ್ಟ್ಯಾಂಡು ಇಳಿಸಿದಳು, ನನ್ನ ಮಟ್ಟಸ ಮುಚ್ಚಳ ಮುಚ್ಚಿದಳು, ಮನೆಯಿಂದ ತಂದಿದ್ದ ಸಾಂಬಾರಿನ ಪಾತ್ರೆಯನ್ನು ಅದರ ಮೇಲೆ ಇಟ್ಟಳು. ನಾನು ಹೇಳಿಕೊಟ್ಟ ಹಾಗೇ. ಹತ್ತು ನಿಮಿಷಕ್ಕೆ ಚಿಕ್ಕಣ್ಣನೂ ಮತ್ತೊಬ್ಬರೂ ಬಂದು ಬೆಂಚಿನ ಮೇಲೆ ಕೂತು, "ಬೇಗ ಕೊಡವ್ವ, ಹಾಲಿನ ಲಾರಿ ಬತ್ತದೆ," ಎಂದರು. ಜಯಮ್ಮ ಮುಚ್ಚಳ ತೆಗೆದು, ಸ್ಟ್ಯಾಂಡನ್ನು ಹೊರಗೆ ಎತ್ತುವ ಮೊದಲೇ, ಮೇಲಿನ ನಾಲ್ಕು ತಟ್ಟೆಗಳನ್ನು ಇಕ್ಕಳದಲ್ಲಿ ಹಿಡಿದು ತೆಗೆದಳು. ಚಮಚ ಆಡಿಸಿ, ಮಗುಚಿ, ಎಲೆಗೆ ಹಾಕಿದಳು.

ಮಗುಚುವ ಮುಂಚೆ ನಾನು ನೋಡಿದೆ. ಇಡ್ಲಿಯ ಮೇಲೆ ಚುಕ್ಕಿ ಚುಕ್ಕಿ ಗುಂಡಿ, ಗುಂಡಿಯಲ್ಲಿ ನೀರು. ಮಗುಚಿದ ಮೇಲೆ ಆ ನೀರೆಲ್ಲ ಅಡಿಗೆ ಹೋಯಿತು. ಮೇಲೆ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿತ್ತು. ಚಿಕ್ಕಣ್ಣ ತುತ್ತು ಮುರಿದು, ಮುಖ ಸಿಂಡರಿಸಿ, "ಜಯಮ್ಮಾ, ಇದನ್ನ ತಿನ್ಬೇಕಾ ಕುಡೀಬೇಕಾ?" ಎಂದ.

ಮುಚ್ಚಳ ಎತ್ತಿ ಒಳಮೈ ನೋಡಿದೆ. ಮಟ್ಟಸ ತಗಡಿನ ತುಂಬ ಹನಿ ನಿಂತಿದ್ದವು. ಉಬ್ಬಿದ ಮುಚ್ಚಳವಾದರೆ ಹಬೆಯ ನೀರು ಇಳಿಜಾರಿನಲ್ಲಿ ಪಕ್ಕಕ್ಕೆ ಜಾರಿ ಪಾತ್ರೆಯ ಗೋಡೆ ಹಿಡಿದು ಕೆಳಗೆ ಹೋಗುತ್ತದೆ. ನನ್ನ ಮುಚ್ಚಳದಲ್ಲಿ ಅದಕ್ಕೆ ಜಾರಲು ದಾರಿ ಇಲ್ಲ. ಇದ್ದಲ್ಲೇ ದಪ್ಪವಾಗಿ, ಇದ್ದಲ್ಲಿಂದಲೇ ಕೆಳಗೆ ಬೀಳಬೇಕು. ಮೇಲೆ ತಣ್ಣನೆಯ ಸಾಂಬಾರು ಇಟ್ಟರೆ ಕೇಳುವುದೇ ಬೇಡ, ಹನಿ ಎರಡರಷ್ಟು. ಒಂದು ಸಲ ಬೇಯಿಸಿದರೆ ಕೆಡುತ್ತಿದ್ದದ್ದು ನಾಲ್ಕೇ ಇಡ್ಲಿ. ಆದರೆ ಆ ನಾಲ್ಕು ಹೋಗುತ್ತಿದ್ದದ್ದು ಯಾರಿಗೆ? ಅವಸರದವರಿಗೆ, ಮೊದಲು ಬಂದವರಿಗೆ, ದಿನಾ ಬರುವವರಿಗೆ. ಎದುರಿನ ಡೈರಿಯಲ್ಲಿ ನಿಂತು ಮಾತನಾಡುವವರಿಗೆ. ನಿಧಾನವಾಗಿ ಒಂಬತ್ತೂವರೆಗೆ ಬರುತ್ತಿದ್ದ ನನಗೆ ನಡುವಿನದು. ಬೇಯಿಸಿದ ಜಯಮ್ಮ ಕೊನೆಗೆ ತಿನ್ನುತ್ತಿದ್ದದ್ದು ತಳದ್ದು. ಮೇಲಿನ ಇಡ್ಲಿಯನ್ನು ನಾನೂ ತಿಂದಿರಲಿಲ್ಲ, ಅವಳೂ ತಿಂದಿರಲಿಲ್ಲ. ಅವಳ ಹೋಟೆಲಿನ ಹೆಸರನ್ನು ತೀರ್ಮಾನ ಮಾಡುತ್ತಿದ್ದದ್ದು ಅದೇ.

ಆಗ ನನ್ನ ಅವ್ವ ಕಡುಬು ಬೇಯಿಸುತ್ತಿದ್ದದ್ದು ನೆನಪಾಯಿತು. ಮಣ್ಣಿನ ಮಡಕೆಗೆ ಒಸಿ ನೀರು, ಅದರ ಮೇಲೆ ಭತ್ತದ ಹುಲ್ಲು, ಹುಲ್ಲಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಕಡುಬು. ಮುಚ್ಚಲು ಒಂದು ಬೋಗುಣಿ ಬೋರಲು. ಹುಲ್ಲಿನ ವಾಸನೆ ಕಡುಬಿಗೆ ಹಿಡಿದಿರುತ್ತಿತ್ತು. ಒಂದು ದಿನ ಬೋಗುಣಿ ಸಿಗದೆ ನಾನು ಊಟದ ತಟ್ಟೆ ತಂದುಕೊಟ್ಟಾಗ ಅವ್ವ ಅದನ್ನು ಪಕ್ಕಕ್ಕೆ ಎಸೆದು, "ಅದು ಅಳ್ತದೆ ಕಣೋ, ಬ್ಯಾಡ," ಎಂದಿದ್ದಳು. ತಟ್ಟೆ ಅಳುವುದು ಹೇಗೆ ಎಂದು ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಬೋಗುಣಿ ಹುಡುಕಲು ಓಡುವುದೇ ನನ್ನ ಕೆಲಸ. ಆಮೇಲೆ ಇಪ್ಪತ್ತು ವರ್ಷ ಪಾತ್ರೆ ಮಾಡಿದೆ, ಆಗಲೂ ಕೇಳಿಕೊಳ್ಳಲಿಲ್ಲ. ಹಿಂದಿನವರು ಮುಚ್ಚಳವನ್ನು ಉಬ್ಬಿಸಿದ್ದು ಚಂದಕ್ಕೆ ಎಂದುಕೊಂಡಿದ್ದೆ.

ಮಧ್ಯಾಹ್ನದೊಳಗೆ ಶೆಡ್ಡಿಗೆ ವಾಪಸು ಬಂದು, ಮರದ ಅಚ್ಚಿನ ಮೇಲೆ ತಗಡು ಬಡಿದು ಉಬ್ಬಿದ ಮುಚ್ಚಳ ಮಾಡಿದೆ. ಮಾರನೆಯ ದಿನ ಕೈಲಾಂಚದಲ್ಲಿ ಅದನ್ನು ಮುಚ್ಚಿ, ಹಿಟ್ಟು ಮೊದಲಿನ ಹದಕ್ಕೇ ಕಲಸಲು ಹೇಳಿ, ಮೇಲಿನ ನಾಲ್ಕನ್ನೂ ನಾನೇ ತಿಂದೆ. ಮಲ್ಲಿಗೆ ಎಂದರೆ ಮಲ್ಲಿಗೆ. ಜಯಮ್ಮನೂ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ನಾನು ಕಾಯುತ್ತಿದ್ದ ಸಂತೋಷ ಬರಲಿಲ್ಲ.

"ಈಗ ಯಾರು ಬತ್ತಾರೆ ಅಣ್ಣಾ? ಎಲ್ರೂ ಬಸ್‌ಸ್ಟ್ಯಾಂಡ್ ತಾವಿನ ಹೋಟ್ಲಿಗೆ ಹೋಯ್ತಾವ್ರೆ. ಜಯಮ್ಮಂಗೆ ಕಾಲರು ಹೊಲಿಯೋದು ಗೊತ್ತು, ಇಡ್ಲಿ ಹಾಕಕ್ಕೆ ಬರಲ್ಲ ಅಂತ ಊರೆಲ್ಲಾ ಹೇಳ್ತದೆ. ನಾನು ಮನೆ ಮನೆಗೆ ಹೋಗಿ, ತಪ್ಪು ಮುಚ್ಚಳದ್ದು ಅಂದ್ರೆ ನಂಬ್ತಾರಾ? ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲು ಅಂತಾರೆ."

ಅವತ್ತು ಹನ್ನೊಂದು ಜನ ಬಂದರು. ಮರುದಿನ ಹದಿಮೂರು. ಮುಚ್ಚಳ ಸರಿಯಾಗಿತ್ತು, ಇಡ್ಲಿ ಸರಿಯಾಗಿತ್ತು, ಹೋಟೆಲು ಸರಿಯಾಗಿರಲಿಲ್ಲ. ಅವಳು ಹೇಳಿದರೆ ನಂಬುವುದಿಲ್ಲ. ಹಾಗಾದರೆ ಯಾರು ಹೇಳಿದರೆ ನಂಬುತ್ತಾರೆ ಎಂಬುದಕ್ಕೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ಆದರೂ ಎರಡು ದಿನ ಬೇರೆ ಉತ್ತರ ಹುಡುಕಿದೆ. ಬೋರ್ಡು ಬರೆಸೋಣವೇ, ಒಂದು ದಿನ ಪುಕ್ಕಟೆ ಕೊಡಿಸೋಣವೇ ಎಂದೆಲ್ಲ ಯೋಚಿಸಿದೆ. ಭಾಗ್ಯಳನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಬಾಯಿ ಬುಟ್ಟು ಹೇಳಕ್ಕೆ ಬೋರ್ಡ್ ಯಾಕೆ?" ಎಂದಳು.

ಮಾರನೆಯ ಬೆಳಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದ ಸಾಲು ಇತ್ತು. ನಲವತ್ತು ಜನ ಇದ್ದಿರಬಹುದು. ನಾನು ಹಳೆಯ ಮಟ್ಟಸ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಹತ್ತಿ ನಿಂತೆ. ಹಾಲು ಅಳೆಯುತ್ತಿದ್ದ ಚಿಕ್ಕಣ್ಣ ನೋಡಿ, "ಏನ್ಲಾ ಪುಟ್ಟರಾಜ, ಎಲೆಕ್ಷನ್‌ಗೆ ನಿಂತ್ಕಂಡಿದ್ದೀಯಾ?" ಎಂದ. ಎಲ್ಲ ನಕ್ಕರು. ಜೀವನದಲ್ಲಿ ತಪ್ಪು ಮಾಡಿಲ್ಲ ಎಂದಲ್ಲ. ಮಾಡಿದಾಗಲೆಲ್ಲ ತಗಡಿನ ಮೇಲೋ, ಕರೆಂಟಿನ ಮೇಲೋ ಹಾಕಿ ಅಭ್ಯಾಸ.

"ಜಯಮ್ಮನ ಇಡ್ಲಿ ಕೆಟ್ಟಿದ್ದು ಅವಳಿಂದ ಅಲ್ಲ, ನನ್ನಿಂದ," ಎಂದೆ. "ಪಾತ್ರೆ ಮಾಡಿದೋನು ನಾನು. ಈ ಮುಚ್ಚಳ ಚಪ್ಪಟೆ ಮಾಡಿದ್ದು ನಾನು. ಇದರ ನೀರು ಇಡ್ಲಿ ಮೇಲೆ ಬೀಳ್ತಿತ್ತು. ಅವಳು ಹೇಳಿದ್ಲು, ನಾನು ಕೇಳ್ನಿಲ್ಲ. ಹಿಟ್ಟು ಗಟ್ಟಿ ಮಾಡು ಅಂದು ಕಲ್ಲು ಮಾಡ್ಸಿದ್ದೂ ನಾನೇ. ಈಗ ಮುಚ್ಚಳ ಬದಲಾಯ್ಸಿವ್ನಿ."

ಚಿಕ್ಕಣ್ಣ ಅಳತೆಯ ಪಾತ್ರೆಯನ್ನು ಕೆಳಗಿಟ್ಟ. "ಅಂದ್ರೆ ಇಷ್ಟು ದಿನ ನಾನು ಸಾಂಬಾರ್ ಹಾಕ್ಕಂಡು ತಿಂದದ್ದು ನಿನ್ ಪಾತ್ರೆ ಬೆವರಾ?"

"ಹೂಂ ಚಿಕ್ಕಣ್ಣ."

"ಥೂ ನಿನ್ನ!"

ಸಾಲಿನಲ್ಲಿದ್ದ ಒಬ್ಬ ಹೆಂಗಸು, "ಗಂಡಸೊಬ್ಬ ತಪ್ಪು ನಂದು ಅಂತಾವ್ನೆ, ಹಾಲು ಆಮೇಲೆ ಅಳೆಯೋರಂತೆ, ಇನ್ನೊಂದ್ಸಲ ಹೇಳ್ಸಿ," ಎಂದಳು. ಮತ್ತೊಬ್ಬ, "ಅಂಗಾರೆ ಇನ್ಮೇಲೆ ನಿನ್ ಪಾತ್ರೆ ಯಾರ್ ತಗತಾರ್ಲಾ?" ಎಂದ. ಅವನ ಕೈಗೇ ಮುಚ್ಚಳ ಕೊಟ್ಟೆ. ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ಬೆರಳಲ್ಲಿ ತಟ್ಟಿದರು. ಒಬ್ಬ ಮಾತ್ರ ಬೆಸುಗೆ ಚೆನ್ನಾಗಿದೆ ಎಂದ. ಅಂಥ ಹೊತ್ತಿನಲ್ಲೂ ಅದು ಕಿವಿಗೆ ಹಿತವಾಗಿ ಬಿತ್ತು, ಸುಳ್ಳೇಕೆ ಹೇಳಲಿ.

ಚಿಕ್ಕಣ್ಣ ಅವತ್ತೇ ಬಂದು ಬೆಂಚಿನ ಮೇಲೆ ಕೂತ. ಪರೀಕ್ಷೆ ಮಾಡಲು ಬಂದವನ ಹಾಗೆ ಮೇಲಿನದನ್ನೇ ಕೇಳಿ ಹಾಕಿಸಿಕೊಂಡ. ತಿಂದ. ಇನ್ನೆರಡು ಹಾಕಿಸಿಕೊಂಡ. ಚೆನ್ನಾಗಿದೆ ಎಂದು ಹೇಳಲಿಲ್ಲ. "ಪುಟ್ಟರಾಜನ್ನ ನಂಬ್ಕಂಡು ನೀನು ಕೆಟ್ಟೆ ನೋಡವ್ವ," ಎಂದು ಮಾತ್ರ ಹೇಳಿ ಹೋದ. ಅದು ಸಾಕಾಯಿತು. ಅಷ್ಟರಲ್ಲಿ ಡೈರಿಯ ಮುಂದೆ ನಾನು ಆಡಿದ ಮಾತು ರಾಮನಗರಕ್ಕೂ ಬಂತು, ಅಲ್ಲಿಂದ ಮುಂದಕ್ಕೂ ಹೋಯಿತು. ಮಾತಾಗಿದ್ದ ಮೂರು ಪಾತ್ರೆಗಳನ್ನು ಬೇಡ ಎಂದರು. ನೀರು ಸುರಿಯುವ ಪಾತ್ರೆಯವನು ಎಂದು ನನಗೆ ಹೆಸರೇ ಬಿತ್ತು. ಸೋರದ ಪಾತ್ರೆ ಮಾಡುತ್ತೇನೆ ಎಂದು ಮೆರೆಯುತ್ತಿದ್ದವನಿಗೆ ಇಂಥ ಹೆಸರು.

ಉಳಿದ ಹತ್ತು ಮಂದಿಯ ಮುಚ್ಚಳವನ್ನೂ ಬದಲಾಯಿಸಿಕೊಟ್ಟೆ. ಸ್ಕೂಟರಿನ ಹಿಂದೆ ಮುಚ್ಚಳ ಕಟ್ಟಿಕೊಂಡು ಕನಕಪುರ, ಮಾಗಡಿ ಎಂದು ತಿರುಗಿದೆ. ಕೆಲವರು ಬೈದರು, ಕೆಲವರು ಈ ಇಡ್ಲಿ ಯಾಕೆ ಹೀಗೆ ಎಂದು ನಮಗೂ ಗೊತ್ತಾಗುತ್ತಿರಲಿಲ್ಲ ಎಂದರು. ತಿಪ್ಪಸಂದ್ರದವನೊಬ್ಬ ಹಳೆಯ ಮುಚ್ಚಳ ವಾಪಸು ಕೊಡಲು ಒಪ್ಪಲೇ ಇಲ್ಲ. ಅವನು ಇಡ್ಲಿ ಬಿಟ್ಟು ಎಷ್ಟೋ ದಿನವಾಗಿತ್ತು. ಮುಚ್ಚಳದ ಮೇಲೆ ಅಕ್ಕಿ ರೊಟ್ಟಿ ತಟ್ಟಿ ಬೇಯಿಸಿ ಮಾರುತ್ತಿದ್ದ. ಬಹಳ ಚೆನ್ನಾಗಿ ಬರುತ್ತದೆ, ಇಂಥದೇ ಇನ್ನೊಂದು ಮಾಡಿಕೊಡಿ ಎಂದ. ನನ್ನ ಪಾತ್ರೆಯಿಂದ ಗೆದ್ದ ಮೊದಲನೆಯ ಗಿರಾಕಿ ಅವನೇ ಇರಬೇಕು. ಅದರಲ್ಲಿ ನನ್ನದೇನೂ ಇರಲಿಲ್ಲ.

ಒಂದನೇ ತಾರೀಕು ಬಂತು. ನಾನು ಆರೂವರೆಗೇ ಹೋಗಿ ಮೂಲೆಯ ಬೆಂಚಿನಲ್ಲಿ ಕೂತಿದ್ದೆ. ಜಯಮ್ಮ ಹೋಗುತ್ತಾಳೋ ಇರುತ್ತಾಳೋ ಎಂದು ಕೇಳಲು ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ. ಹಿಂದಿನ ದಿನ ಮೂವತ್ತೆಂಟು ಜನ ಬಂದಿದ್ದರು. ಅರವತ್ತಲ್ಲ, ಹದಿನಾರೂ ಅಲ್ಲ. ಹದಿನಾಲ್ಕು ವರ್ಷದ ತಿಂಗಳ ಸಂಬಳವನ್ನು ಮೂವತ್ತೆಂಟು ಜನರ ಮೇಲೆ ಬಿಟ್ಟುಬಿಡಬಹುದೇ? ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಗೋಡೆಯ ಮೊಳೆಯಲ್ಲಿ ಅವಳ ಗಾರ್ಮೆಂಟಿನ ಬ್ಯಾಗು ನೇತಾಡುತ್ತಿತ್ತು. ಬೆಳಗ್ಗೆ ಮನೆಯಿಂದ ತಂದಿದ್ದಳೆಂದು ಕಾಣುತ್ತದೆ. ಅದನ್ನು ನೋಡುತ್ತಾ ಎಲೆಯ ಇಡ್ಲಿಯನ್ನು ಸಣ್ಣಗೆ ಮುರಿಯುತ್ತಾ ಕೂತೆ.

ಏಳೂವರೆಗೆ ವ್ಯಾನು ಬಂದು ಹೋಟೆಲಿನ ಎದುರಿಗೇ ನಿಂತಿತು. ಕಿಟಕಿಯಿಂದ ಹೆಣ್ಣುಮಕ್ಕಳು, "ಜಯಕ್ಕಾ, ಹತ್ತಕ್ಕಾ! ನಿನ್ ಮಿಷನ್ನು ಧೂಳು ತಿಂತಾ ಐತೆ!" ಎಂದು ಕೂಗಿದರು. ಜಯಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಬ್ಯಾಗು ತೆಗೆದುಕೊಂಡು ಹೊರಗೆ ಹೋದಳು. ಡ್ರೈವರಿನ ಹತ್ತಿರ ಏನೋ ಮಾತನಾಡಿದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಬ್ಯಾಗಿನಿಂದ ಗುರುತಿನ ಚೀಟಿ, ಎರಡು ಕತ್ತರಿ, ಒಂದು ದಾರದ ಉಂಡೆ ತೆಗೆದು ಕಿಟಕಿಯೊಳಗೆ ಒಬ್ಬಳ ಕೈಗೆ ಕೊಟ್ಟಳು. ಖಾಲಿ ಬ್ಯಾಗು ಹಿಡಿದುಕೊಂಡು ಒಳಗೆ ಬಂದು, ಎಲೆ ಹಾಸಿ, ಪೇಪರು ಸುತ್ತಿ, ಏಳೆಂಟು ಪೊಟ್ಟಣ ಇಡ್ಲಿ ಕಟ್ಟಿ, ಅದೇ ಬ್ಯಾಗಿಗೆ ತುಂಬಿ ಮತ್ತೆ ಹೋಗಿ ಕೊಟ್ಟಳು. "ನಾಳೆಯಿಂದ ಫೋನ್ ಮಾಡಿ ಹೇಳ್ರೇ, ಎಷ್ಟು ಬೇಕು ಅಂತ!" ಎಂದು ಕೂಗಿದ್ದು ಮಾತ್ರ ಕೇಳಿಸಿತು. ವ್ಯಾನು ಹೋಯಿತು.

ಅವಳು ಒಳಗೆ ಬಂದು ಒಲೆಯ ಉರಿ ಸರಿಮಾಡಿದಳು. ನಾನು ಏನಾದರೂ ಹೇಳಬೇಕು ಎಂದುಕೊಂಡೆ. ಸಂತೋಷ ಎನ್ನಲೇ, ಕ್ಷಮಿಸು ಎನ್ನಲೇ, ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಾಲು ಹಾಕಿ ಬಂದವರು ನಾಲ್ಕೈದು ಜನ ಬಾಗಿಲಲ್ಲಿ ನಿಂತರು. ಕೂರಲು ಬೆಂಚು ತುಂಬಿತ್ತು. ಜಯಮ್ಮ ಸುತ್ತ ನೋಡಿದಳು, ನನ್ನ ಮುಂದಿನ ಎಲೆಯನ್ನೂ ನೋಡಿದಳು.

"ಪುಟ್ಟರಾಜಣ್ಣ, ನಿಮ್ಮದಾಗಿದ್ರೆ ಎದ್ದೇಳಿ," ಎಂದಳು. "ಗಿರಾಕಿಗೆ ಜಾಗ ಬೇಕು."

ಎಲೆ ಎತ್ತಿಕೊಂಡು ಎದ್ದೆ.